ನೆಟ್‌ವರ್ಕ್ ಕಾರ್ಡ್ ಬದಲಿಸಿದ ಮೇಲೆ ಇಂಟರ್ನೆಟ್ ಬರುತ್ತಿಲ್ಲವೇ? ಹಳೆ ಕಾರ್ಡಿನ ಗುರುತು ಎಲ್ಲೆಲ್ಲಿ ಉಳಿದಿದೆ ನೋಡಿ

ಹೊಸ ಲ್ಯಾನ್ ಕಾರ್ಡ್ ಹಾಕಿ, ಕೇಬಲ್ ಚುಚ್ಚಿ, ಕಂಪ್ಯೂಟರ್ ಆನ್ ಮಾಡಿದರೆ ಇಂಟರ್ನೆಟ್ ಇಲ್ಲ. ಇಂಥ ಹೊತ್ತಿನಲ್ಲಿ ಎಲ್ಲರ ಅನುಮಾನವೂ ಹೊಸ ಕಾರ್ಡಿನ ಮೇಲೇ ಹೋಗುತ್ತದೆ. ಡಬ್ಬಿಯಿಂದ ತೆಗೆಯುವಾಗಲೇ ಸತ್ತಿರುವ ಕಾರ್ಡುಗಳೂ ಇರುತ್ತವೆ, ಇಲ್ಲವೆನ್ನುವಂತಿಲ್ಲ. ಆದರೆ ಹೆಚ್ಚಿನ ಸಲ ಕಾರ್ಡ್ ನೆಟ್ಟಗೇ ಇರುತ್ತದೆ. ಹಳೆಯ ಕಾರ್ಡನ್ನು ಅದರ ಹೆಸರಿನಿಂದಲೋ, ಮ್ಯಾಕ್ ವಿಳಾಸದಿಂದಲೋ (ಪ್ರತಿ ಕಾರ್ಡಿಗೂ ತಯಾರಾಗುವಾಗಲೇ ಸಿಗುವ ಗುರುತಿನ ಸಂಖ್ಯೆ), ಕೂತಿದ್ದ ಸ್ಲಾಟಿನಿಂದಲೋ ಗುರುತು ಹಿಡಿಯುತ್ತಿದ್ದ ಯಾವುದೋ ಒಂದು ಜಾಗ ಇನ್ನೂ ಅದಕ್ಕಾಗಿಯೇ ಕಾಯುತ್ತಿರುತ್ತದೆ. ಆ ಜಾಗ ವಿಂಡೋಸ್ ಒಳಗಿರಬಹುದು, ಲಿನಕ್ಸಿನ ಕಾನ್ಫಿಗ್ ಕಡತದಲ್ಲಿರಬಹುದು, ರೂಟರಿನಲ್ಲೋ ಮೋಡೆಮಿನಲ್ಲೋ ಇರಬಹುದು. ಹಾಗಾಗಿ ಹುಡುಕುವುದಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ: ಮೊದಲು ಸ್ಲಾಟ್ ಮತ್ತು ಕೇಬಲ್, ಆಮೇಲೆ ಡ್ರೈವರ್, ಆಮೇಲೆ ಈ ಹಳೆ ಗುರುತುಗಳು.

ಕೆಳಗೆ ಕಮ್ಯಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಮಾಡಿ.

ಹಳೆ ಕಾರ್ಡ್ ಕೀಳುವ ಮೊದಲು

ಹತ್ತು ನಿಮಿಷದ ಕೆಲಸ, ಆದರೆ ಬಹಳ ಜನ ಬಿಟ್ಟುಬಿಡುವುದು ಇದನ್ನೇ. ವಿಂಡೋಸಿನಲ್ಲಿ ಕಮ್ಯಾಂಡ್ ಪ್ರಾಂಪ್ಟ್ ತೆರೆದು "ಐಪಿಕಾನ್ಫಿಗ್ ಸ್ಲ್ಯಾಶ್ ಆಲ್" ಕೊಟ್ಟು, ಬಂದದ್ದನ್ನೆಲ್ಲ ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಲಿನಕ್ಸಿನಲ್ಲಾದರೆ "ಐಪಿ ಅಡ್ರ್" ಮತ್ತು "ಐಪಿ ರೂಟ್". ನಿಮಗೆ ಬೇಕಾದದ್ದು ನಾಲ್ಕೈದು ಸಂಗತಿ: ಹಳೆ ಕಾರ್ಡಿನ ಮ್ಯಾಕ್ ವಿಳಾಸ (ಹನ್ನೆರಡು ಅಂಕಿ ಅಕ್ಷರಗಳು, ಎರಡೆರಡರಂತೆ ಆರು ಜೋಡಿ), ಐಪಿ ವಿಳಾಸ ತಾನಾಗಿ ಬರುತ್ತಿದೆಯೋ ಕೈಯಾರೆ ಕೊಟ್ಟಿದ್ದೋ, ಗೇಟ್‌ವೇ (ಹೊರಗೆ ಹೋಗುವ ದಾರಿಯಾದ ರೂಟರಿನ ವಿಳಾಸ), ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್), ಮತ್ತು ಇಂಟರ್‌ಫೇಸಿನ ಹೆಸರು (ಸಿಸ್ಟಂ ಕಾರ್ಡಿಗೆ ಕೊಟ್ಟ ಹೆಸರು). ಕಾರ್ಡ್ ಸುಟ್ಟುಹೋಗಿದ್ದರೆ ಕಂಪ್ಯೂಟರಿನಿಂದ ಮ್ಯಾಕ್ ಓದಲಾಗುವುದಿಲ್ಲ. ಆಗ ಕಾರ್ಡಿನ ಮೇಲಿನ ಸ್ಟಿಕ್ಕರ್ ಅಥವಾ ರೂಟರಿನ ಡಿಎಚ್‌ಸಿಪಿ ಪಟ್ಟಿ (ಯಾವ ಯಂತ್ರಕ್ಕೆ ಯಾವ ಐಪಿ ತಾನಾಗಿ ಹಂಚಿದೆ ಎಂಬುದರ ಪಟ್ಟಿ) ನೋಡಿ.

ಹೊಸ ಕಾರ್ಡಿನ ಡ್ರೈವರನ್ನು ಈಗಲೇ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಕಾರ್ಡ್ ಹಾಕಿದ ಮೇಲೆ ಡ್ರೈವರ್ ಇಳಿಸೋಣವೆಂದರೆ ಇಳಿಸಲು ಬೇಕಾದ ಇಂಟರ್ನೆಟ್ಟೇ ಇರುವುದಿಲ್ಲ. ಡಬ್ಬಿಯ ಮೇಲಿನ ಬ್ರ್ಯಾಂಡ್ ನೋಡಿ ಡ್ರೈವರ್ ಹುಡುಕಬೇಡಿ, ಕಾರ್ಡಿನ ನಡುವೆ ಕೂತಿರುವ ಚಿಪ್ಪಿನ ಹೆಸರು ಓದಿ. ಒಂದೇ ಮಾಡೆಲ್ ನಂಬರಿನ ಕಾರ್ಡಿನಲ್ಲಿ ಒಂದು ರಿವಿಷನ್‌ಗೆ ಒಂದು ಚಿಪ್, ಮುಂದಿನ ರಿವಿಷನ್‌ಗೆ ಬೇರೆ ಚಿಪ್ ಇರುವುದು ಸಾಮಾನ್ಯ.

ಕ್ಯಾಬಿನೆಟ್ ಒಳಗೆ

ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಲ್ಯಾನ್ ಪೋರ್ಟಿನ ದೀಪ ಉರಿಯುತ್ತಿರುವುದನ್ನು ನೋಡಿರುತ್ತೀರಿ. ಅಂದರೆ ಸ್ಲಾಟಿನಲ್ಲಿ ಸ್ಟ್ಯಾಂಡ್‌ಬೈ ಕರೆಂಟ್ ಇದೆ. ಎಸ್‌ಎಂಪಿಎಸ್‌ನ (ಕ್ಯಾಬಿನೆಟ್ಟಿನ ಪವರ್ ಸಪ್ಲೈ) ಹಿಂದಿನ ಸ್ವಿಚ್ ಆಫ್ ಮಾಡಿ, ಪವರ್ ಕೇಬಲ್ ಎಳೆದು, ಪವರ್ ಬಟನ್ ಒಂದೈದು ಸೆಕೆಂಡ್ ಒತ್ತಿಹಿಡಿಯಿರಿ. ಉಳಿದ ಚಾರ್ಜ್ ಖಾಲಿಯಾಗುತ್ತದೆ. ಪೋರ್ಟಿನ ದೀಪ ಆರಿದ ಮೇಲೆಯೇ ಕಾರ್ಡ್ ಮುಟ್ಟಿ. ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣ ಹಚ್ಚದ ಲೋಹದ ಭಾಗವನ್ನು ಒಮ್ಮೆ ಮುಟ್ಟಿಕೊಂಡರೆ ಮೈಯ ಸ್ಥಾಯೀ ವಿದ್ಯುತ್ ಇಳಿದುಹೋಗುತ್ತದೆ.

ಇನ್ನೊಂದು ಮಾತು. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಎಂಬುದು ಪೂರ್ತಿ ಶಟ್‌ಡೌನ್ ಅಲ್ಲ, ಕರ್ನಲ್‌ನ (ವಿಂಡೋಸಿನ ತಿರುಳಿನ) ಸ್ಥಿತಿ ಡಿಸ್ಕಿಗೆ ಉಳಿಯುತ್ತದೆ. ಹಾರ್ಡ್‌ವೇರ್ ಬದಲಿಸುವ ಮುನ್ನ ಶಿಫ್ಟ್ ಕೀ ಒತ್ತಿಕೊಂಡು ಶಟ್‌ಡೌನ್ ಕ್ಲಿಕ್ ಮಾಡಿ. ಒಂದೇ ಯಂತ್ರದಲ್ಲಿ ಲಿನಕ್ಸನ್ನೂ ಇಟ್ಟುಕೊಂಡವರಿಗೆ ಇದು ಇನ್ನೂ ಮುಖ್ಯ: ವಿಂಡೋಸ್ ಕಾರ್ಡನ್ನು ಅರೆನಿದ್ರೆಯಲ್ಲಿ ಬಿಟ್ಟುಹೋದರೆ, ಆಮೇಲೆ ಲಿನಕ್ಸ್ ಬೂಟ್ ಮಾಡಿದಾಗ ಕೇಬಲ್ಲೇ ಇಲ್ಲವೆನ್ನುವಂತೆ ಕಾರ್ಡ್ ನಡೆದುಕೊಳ್ಳಬಹುದು.

ಸ್ಲಾಟಿನ ವಿಷಯ. ಹಳೆಯ ಪಿಸಿಐ ಕಾರ್ಡ್ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹೋಗುವುದಿಲ್ಲ, ಎಕ್ಸ್‌ಪ್ರೆಸ್ ಕಾರ್ಡ್ ಪಿಸಿಐ ಸ್ಲಾಟಿಗೂ ಹೋಗುವುದಿಲ್ಲ. ಎಕ್ಸ್‌ಪ್ರೆಸ್‌ನಲ್ಲಿ ಮಾತ್ರ ಸಣ್ಣ ಕಾರ್ಡ್ ದೊಡ್ಡ ಸ್ಲಾಟಿನಲ್ಲಿ ಕೂರುತ್ತದೆ. ಎಕ್ಸ್1 ಕಾರ್ಡನ್ನು ಎಕ್ಸ್4ಕ್ಕೋ ಎಕ್ಸ್16ಕ್ಕೋ ಹಾಕಿದರೆ ತೊಂದರೆಯಿಲ್ಲ (ಆ ಸಂಖ್ಯೆ ಲೇನುಗಳದ್ದು, ಅಂದರೆ ಡೇಟಾ ಹರಿಯುವ ದಾರಿಗಳದ್ದು). ವೇಗದ ಲೆಕ್ಕ ಹೀಗೆ: ಎಕ್ಸ್‌ಪ್ರೆಸ್ 1.0ರ ಒಂದು ಲೇನ್ ಸೆಕೆಂಡಿಗೆ 250 ಮೆಗಾಬೈಟ್, 2.0ರದ್ದು 500, 3.0ರದ್ದು ಹತ್ತಿರಹತ್ತಿರ 985. ಒಂದು ಗಿಗಾಬಿಟ್ ಎಂದರೆ 125 ಮೆಗಾಬೈಟ್, 2.5 ಗಿಗಾಬಿಟ್ ಎಂದರೆ ಸುಮಾರು 312. ಹಾಗಾಗಿ 2.5 ಗಿಗಾಬಿಟ್ ಕಾರ್ಡ್ 1.0 ಸ್ಲಾಟಿನಲ್ಲಿ ಉಸಿರುಗಟ್ಟುತ್ತದೆ, 2.0ರಲ್ಲಿ ಸಲೀಸಾಗಿ ಓಡುತ್ತದೆ. 10 ಗಿಗಾಬಿಟ್ಟಿಗೆ 1250 ಮೆಗಾಬೈಟ್ ಬೇಕು. ಒಂದೇ ಲೇನಿನ 3.0 ಸ್ಲಾಟ್ ಅದಕ್ಕೆ ಸಾಲದು. ಹಳೆಯ ಪಿಸಿಐ ಬಸ್ಸಿನ ಒಟ್ಟು ಸಾಮರ್ಥ್ಯವೇ 133 ಮೆಗಾಬೈಟ್, ಅದನ್ನೂ ಉಳಿದ ಕಾರ್ಡುಗಳ ಜೊತೆ ಹಂಚಿಕೊಳ್ಳಬೇಕು. ಪಿಸಿಐ ಗಿಗಾಬಿಟ್ ಕಾರ್ಡ್ ಪೂರ್ತಿ ವೇಗ ಕೊಡುತ್ತಿಲ್ಲವೆಂದು ಡ್ರೈವರ್ ಬದಲಿಸುತ್ತ ಕೂರುವುದು ವ್ಯರ್ಥ.

ಕಾರ್ಡ್ ಕೂರಿಸುವಾಗ ಹತ್ತಿರದಿಂದ ನೋಡಬೇಕಾದ ಒಂದು ಜಾಗ ಇದೆ. ಬ್ರ್ಯಾಕೆಟ್ ಸ್ವಲ್ಪ ಸೊಟ್ಟಗಿದ್ದರೆ, ಅದರ ಸ್ಕ್ರೂ ಬಿಗಿಯುತ್ತ ಹೋದಂತೆ ಕಾರ್ಡಿನ ಒಳತುದಿ ಕೂದಲೆಳೆಯಷ್ಟು ಮೇಲೇಳುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿಯಾಗಿ ಕೂತಂತೆಯೇ ಕಾಣುತ್ತದೆ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ಚಿನ್ನದ ಬಣ್ಣದ ಕಾಂಟ್ಯಾಕ್ಟುಗಳ ಗೆರೆ ಒಂದು ಕಡೆ ಸ್ಲಾಟಿನೊಳಗೆ ಮುಳುಗಿರುತ್ತದೆ, ಇನ್ನೊಂದು ಕಡೆ ತೆಳ್ಳಗೆ ಹೊರಗೆ ಇಣುಕುತ್ತಿರುತ್ತದೆ. ಇಂಥ ಕಾರ್ಡ್ ಒಮ್ಮೆ ಕಾಣಿಸಿಕೊಂಡು ಇನ್ನೊಮ್ಮೆ ಮಾಯವಾಗುತ್ತದೆ, ಕ್ಯಾಬಿನೆಟ್ ಸ್ವಲ್ಪ ಸರಿಸಿದರೆ ಮತ್ತೆ ಬರುತ್ತದೆ. ಸ್ಕ್ರೂ ಸಡಿಲಿಸಿ, ಕಾರ್ಡನ್ನು ಒತ್ತಿ ಕೂರಿಸಿ, ಬ್ರ್ಯಾಕೆಟನ್ನು ಕೈಯಲ್ಲೇ ತಿದ್ದಿ, ಆಮೇಲೆ ಬಿಗಿಯಿರಿ.

ಸರಿಯಾಗಿ ಕೂತಿದ್ದರೂ ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಸುಳಿವೇ ಇಲ್ಲವೆಂದರೆ ಮದರ್‌ಬೋರ್ಡಿನ ಮ್ಯಾನ್ಯುವಲ್ ತೆಗೆಯಿರಿ. ಎಷ್ಟೋ ಬೋರ್ಡುಗಳಲ್ಲಿ ಒಂದು ಎಂ.2 ಸಾಕೆಟ್ ಮತ್ತು ಒಂದು ಎಕ್ಸ್‌ಪ್ರೆಸ್ ಸ್ಲಾಟ್ ಒಂದೇ ಲೇನನ್ನು ಹಂಚಿಕೊಂಡಿರುತ್ತವೆ. ಎಸ್‌ಎಸ್‌ಡಿ ಹಾಕಿದ ಕ್ಷಣ ಆ ಸ್ಲಾಟ್ ಬಂದ್. ಮ್ಯಾನ್ಯುವಲ್ಲಿನ ಅಡಿಟಿಪ್ಪಣಿಯಲ್ಲಿ ಒಂದು ಸಾಲಿನಲ್ಲಿ ಬರೆದಿರುತ್ತಾರೆ, ಅದನ್ನು ಯಾರೂ ಓದುವುದಿಲ್ಲ.

ಬಯಾಸ್‌ನಲ್ಲಿ ಎರಡು ಕೆಲಸ. ಮದರ್‌ಬೋರ್ಡಿನದೇ ಲ್ಯಾನ್ ಪೋರ್ಟ್ ಕೆಟ್ಟು ಹೊಸ ಕಾರ್ಡ್ ಹಾಕಿದ್ದರೆ, "ಆನ್‌ಬೋರ್ಡ್ ಲ್ಯಾನ್" ಅನ್ನು ಡಿಸೇಬಲ್ ಮಾಡಿ. ಅರೆಜೀವದ ಚಿಪ್ ಬೂಟನ್ನೂ ಡ್ರೈವರನ್ನೂ ಕಾಡದಂತೆ ಇದು ತಡೆಯುತ್ತದೆ. ಎರಡನೆಯದು, ಕಾರ್ಡ್ ಹಾಕಿದ ಮೇಲೆ ಕಪ್ಪು ಪರದೆಯಲ್ಲಿ "ಪಿಎಕ್ಸ್‌ಇ" ಎಂದು ಶುರುವಾಗುವ ಸಾಲುಗಳು ಬಂದು ಬೂಟ್ ತಡವಾಗುತ್ತಿದ್ದರೆ, ಕಂಪ್ಯೂಟರ್ ನೆಟ್‌ವರ್ಕಿನಿಂದ ಬೂಟ್ ಆಗಲು ಯತ್ನಿಸುತ್ತಿದೆ ಎಂದರ್ಥ. ಬೂಟ್ ಆರ್ಡರಿನಲ್ಲಿ ಡಿಸ್ಕನ್ನು ಮೇಲೆ ತನ್ನಿ, ನೆಟ್‌ವರ್ಕ್ ಬೂಟ್ ಆಫ್ ಮಾಡಿ. ಇದು ಕಾರ್ಡಿನ ದೋಷವಲ್ಲ.

ದೀಪ, ಕೇಬಲ್, ಮತ್ತು 100ಕ್ಕೆ ಇಳಿದ ವೇಗ

ಪೋರ್ಟಿನ ಲಿಂಕ್ ದೀಪವೇ ಮೊದಲ ಸಾಕ್ಷಿ. ದೀಪ ಇಲ್ಲದಿದ್ದರೆ ಐಪಿ, ಡಿಎನ್‌ಎಸ್ ಎಂದೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಕೇಬಲ್ ಬದಲಿಸಿ, ರೂಟರಿನ ಬೇರೆ ಪೋರ್ಟಿಗೆ ಹಾಕಿ, ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡ್ ಡಿಸೇಬಲ್ ಆಗಿದೆಯೇ ನೋಡಿ.

ದೀಪ ಇದೆ, ಇಂಟರ್ನೆಟ್ಟೂ ಇದೆ, ಆದರೆ ವೇಗ 95 ಮೆಗಾಬಿಟ್ ದಾಟುವುದಿಲ್ಲ ಎಂಬ ದೂರು ಹಳೆಯ 100 ಮೆಗಾಬಿಟ್ ಕಾರ್ಡಿನಿಂದ ಗಿಗಾಬಿಟ್ ಕಾರ್ಡಿಗೆ ಬಂದವರಲ್ಲಿ ಪದೇಪದೇ ಕೇಳಿಬರುತ್ತದೆ. ಕಾರಣ ಬಹುತೇಕ ಕೇಬಲ್. 100 ಮೆಗಾಬಿಟ್ ಈಥರ್ನೆಟ್ ಬಳಸುವುದು ಎಂಟು ತಂತಿಗಳಲ್ಲಿ ನಾಲ್ಕನ್ನು ಮಾತ್ರ: 1, 2, 3, 6ನೇ ಪಿನ್ನುಗಳು. ಗಿಗಾಬಿಟ್ಟಿಗೆ ಎಂಟೂ ಬೇಕು. 4, 5, 7, 8ರಲ್ಲಿ ಯಾವುದಾದರೂ ಒಂದು ತಂತಿ ತುಂಡಾಗಿದ್ದರೆ, ಅಥವಾ ಕ್ರಿಂಪ್ ಮಾಡುವಾಗ ಪಿನ್ ಅದರ ತಾಮ್ರ ಮುಟ್ಟದೇ ಹೋಗಿದ್ದರೆ, ಹಳೆ ಕಾರ್ಡಿಗೆ ಅದು ವರ್ಷಗಟ್ಟಲೆ ಗೊತ್ತೇ ಆಗಿರುವುದಿಲ್ಲ. ಹೊಸ ಕಾರ್ಡ್ ಗಿಗಾಬಿಟ್‌ಗೆ ಯತ್ನಿಸಿ, ಸೋತು, 100ಕ್ಕೆ ಇಳಿಯುತ್ತದೆ. ಕೆಲವು ಜೋಡಿ ಕಾರ್ಡ್-ರೂಟರುಗಳಲ್ಲಿ ಇಳಿಯುವುದೂ ಇಲ್ಲ, ಲಿಂಕ್ ಬಂದು ಹೋಗಿ ಬಂದು ಹೋಗಿ ಆಡುತ್ತಿರುತ್ತದೆ.

ಪ್ಲಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೇಬಲ್ ನಿಮ್ಮ ಕಡೆಗೂ ಲಾಕಿನ ನಾಲಿಗೆ ಕೆಳಗೂ ಬರುವಂತೆ ತಿರುಗಿಸಿ ಎಡದಿಂದ ಎಣಿಸಿ. ಬಿ ಕ್ರಮದಲ್ಲಿ (ಟಿ568ಬಿ ಎಂಬ ಬಣ್ಣಗಳ ಕ್ರಮ) ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು ಎಂದು ಬರಬೇಕು. ಮೂರನೆಯ ಮತ್ತು ಆರನೆಯ ಪಿನ್ ಒಂದೇ ಜೋಡಿಯವು ಎಂಬುದನ್ನು ಮರೆತು, ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ ಎಂದು ಸಾಲಾಗಿ ಜೋಡಿಸಿದ ಕೇಬಲ್ ಅಗ್ಗದ ಟೆಸ್ಟರಿನಲ್ಲಿ ಪಾಸಾಗುತ್ತದೆ. ಒಂದರಿಂದ ಎಂಟರವರೆಗೆ ದೀಪ ಸರಿಯಾಗೇ ಬೆಳಗುತ್ತವಲ್ಲ! ಆದರೆ ಹೆಣೆದ ಜೋಡಿ ಮುರಿದಿರುವುದರಿಂದ ಉದ್ದ ಹೆಚ್ಚಿದಷ್ಟೂ ಸಿಗ್ನಲ್ ಕೆಡುತ್ತದೆ.

ಇನ್ನು ಕೆಲವರು ಕಾರ್ಡಿನ ಅಡ್ವಾನ್ಸ್ಡ್ ಟ್ಯಾಬಿಗೆ ಹೋಗಿ "100 ಫುಲ್ ಡುಪ್ಲೆಕ್ಸ್" ಎಂದು ಬಲವಂತವಾಗಿ ಇಡುತ್ತಾರೆ (ಫುಲ್ ಎಂದರೆ ಕಳಿಸುವುದೂ ಪಡೆಯುವುದೂ ಒಟ್ಟಿಗೇ, ಹಾಫ್ ಎಂದರೆ ಒಮ್ಮೆಗೆ ಒಂದೇ). ಹಾಗೆ ಇಟ್ಟರೆ ಆಚೆ ಕಡೆಯ ಆಟೋ ಪೋರ್ಟಿಗೆ ವೇಗ ಗೊತ್ತಾಗುತ್ತದೆ, ಡುಪ್ಲೆಕ್ಸ್ ಗೊತ್ತಾಗುವುದಿಲ್ಲ. ಅದು ಹಾಫ್ ಎಂದುಕೊಳ್ಳುತ್ತದೆ. ಒಂದು ಕಡೆ ಫುಲ್, ಇನ್ನೊಂದು ಕಡೆ ಹಾಫ್. ಪಿಂಗ್ ಚೆನ್ನಾಗಿರುತ್ತದೆ, ದೊಡ್ಡ ಫೈಲ್ ಹಾಕಿದ ಕೂಡಲೇ ವೇಗ ಪಾತಾಳಕ್ಕೆ. ಎರಡೂ ಕಡೆ ಆಟೋ ಬಿಡಿ. ತಾಮ್ರದ ಕೇಬಲ್ ಮೇಲಿನ ಗಿಗಾಬಿಟ್ಟಿಗೆ ಆಟೋ ನೆಗೋಷಿಯೇಷನ್ (ಎರಡೂ ಕಡೆ ತಾವೇ ವೇಗ ಒಪ್ಪಿಕೊಳ್ಳುವುದು) ಬೇಕೇಬೇಕು.

ವಿಂಡೋಸ್ ಏನು ನೆನಪಿಟ್ಟುಕೊಂಡಿದೆ

ಡಿವೈಸ್ ಮ್ಯಾನೇಜರ್ ತೆರೆದು ಕಾರ್ಡಿನ ಪ್ರಾಪರ್ಟೀಸ್ ನೋಡಿದರೆ ಒಂದು ಕೋಡ್ ಇರುತ್ತದೆ. ಕೋಡ್ 28 ಅಂದರೆ ಡ್ರೈವರ್ ಇಲ್ಲ. ಕೋಡ್ 22 ಅಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ. ಕೋಡ್ 10 ಅಂದರೆ ಡ್ರೈವರ್ ಇದೆ, ಆದರೆ ಕಾರ್ಡ್ ಶುರುವಾಗುತ್ತಿಲ್ಲ; ತಪ್ಪು ಡ್ರೈವರ್ ಇರಬಹುದು ಅಥವಾ ಕಾರ್ಡ್ ಸಡಿಲವಾಗಿ ಕೂತಿರಬಹುದು. ಕೋಡ್ 45 ಅಂದರೆ ಈ ಸಾಧನ ಈಗ ಕಂಪ್ಯೂಟರಿನಲ್ಲೇ ಇಲ್ಲ. ಈ ಕೊನೆಯದಕ್ಕೆ ಮತ್ತೆ ಬರೋಣ.

ಡ್ರೈವರ್ ಯಾವುದೆಂದು ತಿಳಿಯದಿದ್ದರೆ ಡೀಟೇಲ್ಸ್ ಟ್ಯಾಬಿನಲ್ಲಿ "ಹಾರ್ಡ್‌ವೇರ್ ಐಡೀಸ್" ಆರಿಸಿ. ವೆಂಡರ್ ಸಂಖ್ಯೆ 8086 ಆದರೆ ಇಂಟೆಲ್, 10ಇಸಿ ಆದರೆ ರಿಯಲ್‌ಟೆಕ್, 14ಇ4 ಆದರೆ ಬ್ರಾಡ್‌ಕಾಮ್. ಪಕ್ಕದ ಡಿವೈಸ್ ಸಂಖ್ಯೆ ಚಿಪ್ಪಿನ ಮಾದರಿ ಹೇಳುತ್ತದೆ. ಪೆನ್‌ಡ್ರೈವಿಗೆ ಡ್ರೈವರ್ ಹಾಕಿಕೊಳ್ಳಲು ಮರೆತಿದ್ದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವಿಂಡೋಸ್ ಅದನ್ನು ಸಾಮಾನ್ಯವಾಗಿ ತನ್ನಲ್ಲಿರುವ ಡ್ರೈವರಿನಿಂದಲೇ ಒಂದು ನೆಟ್‌ವರ್ಕ್ ಕಾರ್ಡಿನಂತೆ ಹಿಡಿಯುತ್ತದೆ. 2.5 ಗಿಗಾಬಿಟ್ ಚಿಪ್ಪುಗಳು ಬರುವ ಮೊದಲಿನ ವಿಂಡೋಸ್ 10 ಇನ್‌ಸ್ಟಾಲರಿನಿಂದ ಹೊಸ ಬೋರ್ಡಿಗೆ ವಿಂಡೋಸ್ ಹಾಕಿದವರಿಗೆ ಇದೇ ಸುಲಭದ ದಾರಿ.

ಈಗ ಮುಖ್ಯ ವಿಷಯ. ಹಳೆ ಕಾರ್ಡ್ ಕಿತ್ತರೂ ವಿಂಡೋಸ್ ಅದರ ದಾಖಲೆಯನ್ನು ಅಳಿಸುವುದಿಲ್ಲ. ಮನೆ ಖಾಲಿ ಮಾಡಿದ ಬಾಡಿಗೆದಾರನ ಹೆಸರು ಬಾಗಿಲ ಫಲಕದಲ್ಲೇ ಉಳಿದಂತೆ, ಅದರ ಐಪಿ, ಹೆಸರು, ಸೆಟ್ಟಿಂಗ್ ಎಲ್ಲ ರಿಜಿಸ್ಟ್ರಿಯಲ್ಲಿ ಇರುತ್ತವೆ. ಹೊಸ ಕಾರ್ಡಿಗೆ "ಈಥರ್ನೆಟ್ 2" ಎಂಬ ಹೆಸರು ಬಂದಿದ್ದರೆ ಕಾರಣ ಇದು. ಹೆಸರು ಬೇರೆಯಾದರೆ ನಷ್ಟವಿಲ್ಲ. ನಷ್ಟ ಆಗುವುದು ಐಪಿಯನ್ನು ಕೈಯಾರೆ ಕೊಟ್ಟಿದ್ದಾಗ. ಹಳೆ ಕಾರ್ಡಿಗಿದ್ದ ವಿಳಾಸವನ್ನೇ ಹೊಸದಕ್ಕೆ ಕೊಡಲು ಹೋದರೆ, ಈ ವಿಳಾಸ ಕಂಪ್ಯೂಟರಿನಲ್ಲಿ ಈಗ ಇಲ್ಲದ ಇನ್ನೊಂದು ಅಡಾಪ್ಟರಿಗೆ ಸೇರಿದೆ ಎಂಬರ್ಥದ ಎಚ್ಚರಿಕೆ ಬರುತ್ತದೆ. ಓದದೆ ಏನೋ ಒಂದು ಒತ್ತಿದರೆ ಹಳೆಯ ದಾಖಲೆ ಒಳಗೇ ಉಳಿದು ಮುಂದೆ ಗೊಂದಲಕ್ಕೆ ದಾರಿಯಾಗುತ್ತದೆ.

ಪರಿಹಾರ: ಡಿವೈಸ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ "ಶೋ ಹಿಡನ್ ಡಿವೈಸಸ್" ಒತ್ತಿ, ನೆಟ್‌ವರ್ಕ್ ಅಡಾಪ್ಟರ್ಸ್ ಬಿಡಿಸಿ. ಮಸುಕಾಗಿ ಕಾಣುವ ಹಳೆ ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ಕೋಡ್ 45 ಇರುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಮಾಡಿ. ಹಳೆ ಕಾರ್ಡನ್ನು ಸ್ಲಾಟಿನಿಂದ ಸ್ಲಾಟಿಗೆ ಬದಲಿಸಿದ್ದರೆ ಒಂದೇ ಕಾರ್ಡ್ ಎರಡು ಮೂರು ಸಲ ಕಾಣಬಹುದು, ಏಕೆಂದರೆ ವಿಂಡೋಸ್ ಸ್ಲಾಟನ್ನೂ ಗುರುತಿನ ಭಾಗವಾಗಿ ಎಣಿಸುತ್ತದೆ. ಅದೇ ಪಟ್ಟಿಯಲ್ಲಿರುವ ವ್ಯಾನ್ ಮಿನಿಪೋರ್ಟುಗಳನ್ನು ಮುಟ್ಟಬೇಡಿ, ಅವು ವಿಂಡೋಸಿನವೇ. ವಿಂಡೋಸ್ 7 ಮತ್ತು ಅದಕ್ಕೂ ಹಿಂದಿನವುಗಳಲ್ಲಿ ಆ ಮೆನು ಒಂದರಿಂದಲೇ ಕಿತ್ತ ಕಾರ್ಡುಗಳು ಕಾಣುವುದಿಲ್ಲ. ಎನ್ವಿರಾನ್ಮೆಂಟ್ ವೇರಿಯಬಲ್ ಒಂದನ್ನು ಸೇರಿಸಿಕೊಳ್ಳಬೇಕಾಗುತ್ತದೆ.

ಇಂಟರ್ನೆಟ್ ಬರುತ್ತಿದೆ, ಆದರೆ ಮನೆಯ ಇನ್ನೊಂದು ಕಂಪ್ಯೂಟರಿಗೆ ಈ ಯಂತ್ರದ ಫೋಲ್ಡರುಗಳು ಕಾಣುತ್ತಿಲ್ಲ, ಪಿಂಗ್‌ಗೂ ಉತ್ತರವಿಲ್ಲ ಎಂದರೆ ನೆಟ್‌ವರ್ಕ್ ಪ್ರೊಫೈಲ್ ನೋಡಿ. ಹೊಸ ಕಾರ್ಡ್ ಕಂಡ ವಿಂಡೋಸ್ ಅದೇ ಮನೆಯ ನೆಟ್‌ವರ್ಕನ್ನು ಹೊಸ ನೆಟ್‌ವರ್ಕ್ ಎಂದು ಭಾವಿಸಿ ಪಬ್ಲಿಕ್ ಗುಂಪಿಗೆ ಹಾಕಿರುತ್ತದೆ, ಫೈರ್‌ವಾಲ್ ಬಾಗಿಲು ಮುಚ್ಚಿರುತ್ತದೆ. ಸೆಟ್ಟಿಂಗ್ಸ್, ನೆಟ್‌ವರ್ಕ್, ಈಥರ್ನೆಟ್, ಅಲ್ಲಿ ಪ್ರೈವೇಟ್ ಆರಿಸಿ. ಮುಗಿಯಿತು.

"ನೆಟ್‌ವರ್ಕ್ ರೀಸೆಟ್" ಬಟನ್ ಬಗ್ಗೆ ಒಂದು ಅಭಿಪ್ರಾಯ ಹೇಳಬೇಕು. ಅಂತರ್ಜಾಲದ ಅರ್ಧ ಸಲಹೆಗಳು ಅಲ್ಲಿಂದಲೇ ಶುರುವಾಗುತ್ತವೆ. ಅದು ಎಲ್ಲ ಅಡಾಪ್ಟರುಗಳನ್ನೂ ತೆಗೆದು ಮತ್ತೆ ಹಾಕುತ್ತದೆ. ನಿಮ್ಮ ವಿಪಿಎನ್, ವರ್ಚುವಲ್ ಸ್ವಿಚ್, ಕೈಯಾರೆ ಕೊಟ್ಟ ಐಪಿ ಎಲ್ಲ ಹೋಗುತ್ತವೆ. ಮೇಲಿನದೆಲ್ಲ ಮಾಡಿ ನೋಡಿದ ಮೇಲೆ ಕೊನೆಯ ಅಸ್ತ್ರವಾಗಿ ಇರಲಿ.

ಲಿನಕ್ಸಿನಲ್ಲಿ ಹೆಸರಿನ ಗೋಳು

ಹಳೆಯ ಲಿನಕ್ಸುಗಳಲ್ಲಿ ಮೊದಲ ಕಾರ್ಡ್ "ಈಥ್0". ಯೂಡೆವ್ (ಲಿನಕ್ಸಿನಲ್ಲಿ ಸಾಧನಗಳನ್ನು ನೋಡಿಕೊಳ್ಳುವ ಭಾಗ) ನಿಯಮಗಳ ಕಡತವೊಂದು ಮ್ಯಾಕ್ ವಿಳಾಸವನ್ನೂ ಹೆಸರನ್ನೂ ಜೋಡಿ ಮಾಡಿ ಬರೆದಿಟ್ಟುಕೊಳ್ಳುತ್ತಿತ್ತು (70 ಪರ್ಸಿಸ್ಟೆಂಟ್ ನೆಟ್ ರೂಲ್ಸ್ ಎಂಬುದು ಅದರ ಹೆಸರು). ಕಾರ್ಡ್ ಬದಲಿಸಿದರೆ ಹೊಸ ಮ್ಯಾಕ್‌ಗೆ "ಈಥ್1" ಸಿಗುತ್ತದೆ, ಕಾನ್ಫಿಗ್ ಕಡತ ಮಾತ್ರ ಈಥ್0 ಎನ್ನುತ್ತ ಕೂತಿರುತ್ತದೆ. ಅಂಥ ಯಂತ್ರ ಈಗಲೂ ಓಡುತ್ತಿದ್ದರೆ ಆ ಕಡತದಲ್ಲಿನ ಹಳೆ ಸಾಲನ್ನು ಅಳಿಸಿ, ಹೊಸ ಸಾಲಿನಲ್ಲಿ 1 ಇದ್ದದ್ದನ್ನು 0 ಮಾಡಿ ರೀಬೂಟ್ ಮಾಡಿದರೆ ಸಾಕು.

2013ರಲ್ಲಿ ಬಂದ ಸಿಸ್ಟಂಡಿಯ (ಲಿನಕ್ಸನ್ನು ಶುರುಮಾಡಿ ನಡೆಸುವ ತಂತ್ರಾಂಶ) 197ನೇ ಆವೃತ್ತಿಯಿಂದ ಹೆಸರು ಕೊಡುವ ರೀತಿ ಬದಲಾಯಿತು. ಇಎನ್‌ಒ1 ಅಂದರೆ ಬೋರ್ಡಿನದೇ ಪೋರ್ಟ್, ಇಎನ್‌ಪಿ3ಎಸ್0 ಅಂದರೆ ಮೂರನೇ ಪಿಸಿಐ ಬಸ್ಸಿನ ಸೊನ್ನೆಯ ಸ್ಲಾಟಿನಲ್ಲಿರುವುದು. ಇದರಲ್ಲೊಂದು ಅನುಕೂಲವಿದೆ: ಅದೇ ಸ್ಲಾಟಿಗೆ ಹೊಸ ಕಾರ್ಡ್ ಹಾಕಿದರೆ ಹೆಸರು ಸಾಮಾನ್ಯವಾಗಿ ಅದೇ ಉಳಿಯುತ್ತದೆ. ಒಂದು ಕಿರಿಕಿರಿಯೂ ಇದೆ. ಬಸ್ಸಿನ ಸಂಖ್ಯೆ ಬೂಟ್ ಆಗುವಾಗ ಎಣಿಸುತ್ತ ಕೊಡುವಂಥದ್ದು. ನೀವು ಲ್ಯಾನ್ ಕಾರ್ಡನ್ನು ಮುಟ್ಟದೆ ಒಂದು ಗ್ರಾಫಿಕ್ಸ್ ಕಾರ್ಡೋ ಎನ್‌ವಿಎಂಇ ಎಸ್‌ಎಸ್‌ಡಿಯೋ ಸೇರಿಸಿದರೂ ಎಣಿಕೆ ಒಂದು ಮುಂದೆ ಸರಿದು ಇಎನ್‌ಪಿ3ಎಸ್0 ಹೋಗಿ ಇಎನ್‌ಪಿ4ಎಸ್0 ಆಗಬಹುದು. ಎಸ್‌ಎಸ್‌ಡಿ ಹಾಕಿದ ದಿನ ಇಂಟರ್ನೆಟ್ ಹೋಯಿತು ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇಷ್ಟೇ.

ಪರೀಕ್ಷಿಸುವ ಬಗೆ: "ಎಲ್‌ಎಸ್‌ಪಿಸಿಐ" ಕೊಡಿ, ಈಥರ್ನೆಟ್ ಕಂಟ್ರೋಲರ್ ಎಂಬ ಸಾಲು ಕಂಡರೆ ಸ್ಲಾಟ್ ಸರಿಯಿದೆ. "ಐಪಿ ಲಿಂಕ್" ಕೊಡಿ, ಅಲ್ಲಿ ಇಂಟರ್‌ಫೇಸ್ ಕಂಡರೆ ಡ್ರೈವರ್ ಸರಿಯಿದೆ. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲವೆಂದರೆ "ಡಿಮೆಸ್ಗ್" (dmesg) ಕೊಟ್ಟು ಬಂದದ್ದನ್ನು ಓದಿ. ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ತಂತ್ರಾಂಶ) ಸಿಗಲಿಲ್ಲ ಎಂಬ ಸಾಲು ಇರಬಹುದು. ಡೆಬಿಯನ್ 12ಕ್ಕೆ ಮುಂಚಿನ ಅಧಿಕೃತ ಇನ್‌ಸ್ಟಾಲರುಗಳಲ್ಲಿ ಮುಕ್ತವಲ್ಲದ ಫರ್ಮ್‌ವೇರ್ ಇರುತ್ತಿರಲಿಲ್ಲ, ಆಮೇಲೆ ಸೇರಿಸಿದರು. ಎರಡರಲ್ಲೂ ಇದ್ದು ಐಪಿ ಮಾತ್ರ ಇಲ್ಲವೆಂದರೆ ಹೆಸರಿನ ಗಲಾಟೆಯೇ. ಡೆಬಿಯನ್ನಿನಲ್ಲಿ "ಇಟಿಸಿ ನೆಟ್‌ವರ್ಕ್ ಇಂಟರ್‌ಫೇಸಸ್" ಕಡತ, ಉಬುಂಟು ಸರ್ವರಿನಲ್ಲಿ "ಇಟಿಸಿ ನೆಟ್‌ಪ್ಲಾನ್" ಒಳಗಿನ ಕಡತ ತೆರೆದು ಹೆಸರನ್ನು ಹೋಲಿಸಿ. ನೆಟ್‌ಪ್ಲಾನ್ ತಿದ್ದಿದ ಮೇಲೆ ನೇರವಾಗಿ ಅಪ್ಲೈ ಮಾಡಬೇಡಿ, "ನೆಟ್‌ಪ್ಲಾನ್ ಟ್ರೈ" ಕೊಡಿ. 120 ಸೆಕೆಂಡಿನೊಳಗೆ ನೀವು ಒಪ್ಪಿಗೆ ಕೊಡದಿದ್ದರೆ ಹಳೆಯದಕ್ಕೆ ವಾಪಸಾಗುತ್ತದೆ. ಆ ಕಡತದಲ್ಲಿ ಸಾಲಿನ ಮುಂದಿನ ಖಾಲಿ ಜಾಗಗಳಿಗೆ ಅರ್ಥವಿದೆ, ಟ್ಯಾಬ್ ಬಳಸುವಂತಿಲ್ಲ.

ಡೆಸ್ಕ್‌ಟಾಪ್ ಬಳಸುವವರಿಗೆ ನೆಟ್‌ವರ್ಕ್ ಮ್ಯಾನೇಜರ್ ಇರುತ್ತದೆ. ಅದರ ಕನೆಕ್ಷನ್ ಎಡಿಟರಿನಲ್ಲಿ ನಿಮ್ಮ ವೈರ್ಡ್ ಪ್ರೊಫೈಲ್ ತೆರೆದು ಈಥರ್ನೆಟ್ ಟ್ಯಾಬಿನ "ಡಿವೈಸ್" ಖಾನೆ ನೋಡಿ. ಅಲ್ಲಿ ಹಳೆ ಮ್ಯಾಕ್ ಅಥವಾ ಹಳೆ ಹೆಸರು ಇದ್ದರೆ ಖಾಲಿ ಮಾಡಿ ಉಳಿಸಿ. ಪ್ರೊಫೈಲ್ ಆಗ ಸಿಕ್ಕಿದ ಕಾರ್ಡಿಗೆ ಅಂಟಿಕೊಳ್ಳುತ್ತದೆ.

ಹೆಸರು ಇನ್ನೆಂದೂ ಅಲುಗಬಾರದು ಎಂದಿದ್ದರೆ ಸಿಸ್ಟಂಡಿಯ ಲಿಂಕ್ ಕಡತವೊಂದನ್ನು ಬರೆದು ಮ್ಯಾಕ್ ವಿಳಾಸಕ್ಕೆ ನಿಮ್ಮದೇ ಹೆಸರು ಕೊಡಿ. "ಲ್ಯಾನ್0" ಎಂಬಂಥದ್ದು ಕೊಡಿ, ಈಥ್0 ಎಂದು ಕೊಡಬೇಡಿ. ಆ ಹೆಸರುಗಳನ್ನು ಕರ್ನಲ್ ತಾನೇ ಹಂಚುತ್ತದೆ, ಬೂಟ್ ಹೊತ್ತಿನಲ್ಲಿ ಇಬ್ಬರೂ ಒಂದೇ ಹೆಸರಿಗೆ ಕೈ ಹಾಕಿದಂತಾಗುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಕಡತ ಬರೆದ ಮೇಲೆ ಇನಿಟ್‌ರಾಂಎಫ್‌ಎಸ್ (ಬೂಟಿನ ಆರಂಭದಲ್ಲಿ ಲೋಡ್ ಆಗುವ ಪುಟ್ಟ ಸಿಸ್ಟಂ) ಅನ್ನೂ ಹೊಸದಾಗಿ ಮಾಡಬೇಕು. ಇಲ್ಲದಿದ್ದರೆ ಬೂಟಿನ ಆರಂಭದಲ್ಲೇ ಹಳೆ ಹೆಸರು ಅಂಟಿಬಿಡುತ್ತದೆ.

ರೂಟರ್, ಮೋಡೆಮ್, ಮತ್ತು ಉಳಿದವರು

ಐಪಿ 169.254ರಿಂದ ಶುರುವಾಗಿದ್ದರೆ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ, ಕಂಪ್ಯೂಟರ್ ತಾನೇ ಒಂದು ವಿಳಾಸ ಹಾಕಿಕೊಂಡಿದೆ ಎಂದರ್ಥ. ರೂಟರಿನಲ್ಲಿ ಮ್ಯಾಕ್ ಫಿಲ್ಟರ್ (ಪಟ್ಟಿಯಲ್ಲಿರುವ ಮ್ಯಾಕ್‌ಗಳನ್ನಷ್ಟೇ ಒಳಬಿಡುವ ವ್ಯವಸ್ಥೆ) ಇದ್ದರೆ ಹೊಸ ಮ್ಯಾಕ್ ಸೇರಿಸಿ.

ಐಪಿ ಬಂದಿದೆ, ಇಂಟರ್ನೆಟ್ ಇದೆ, ಆದರೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಹಿಡಿಯುತ್ತಿಲ್ಲ ಎಂದರೆ ರೂಟರಿನ ಅಡ್ರೆಸ್ ರಿಸರ್ವೇಷನ್ ನೋಡಿ. ಉದಾಹರಣೆಗೆ 192.168.1.50 ಹಳೆ ಮ್ಯಾಕ್‌ಗೆ ಕಾದಿರಿಸಿದ್ದು. ಹೊಸ ಕಾರ್ಡಿಗೆ ಬೇರೆ ಸಂಖ್ಯೆ ಸಿಕ್ಕಿದೆ. ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಸಂಪರ್ಕವನ್ನು ಒಳಗಿನ ಯಂತ್ರಕ್ಕೆ ಕಳಿಸುವ ನಿಯಮ) ಮಾತ್ರ 50ಕ್ಕೇ ಕಳಿಸುತ್ತಿದೆ. ರಿಸರ್ವೇಷನ್ನಿನ ಮ್ಯಾಕ್ ತಿದ್ದಿ, ಕಂಪ್ಯೂಟರಿನ ಕೇಬಲ್ ಒಮ್ಮೆ ತೆಗೆದು ಹಾಕಿ.

ಮಧ್ಯೆ ರೂಟರ್ ಇಲ್ಲದೆ ಕಂಪ್ಯೂಟರ್ ನೇರವಾಗಿ ಮೋಡೆಮಿಗೆ ಸೇರಿದ್ದರೆ ಕಥೆ ಬೇರೆ. ಹಲವು ಕೇಬಲ್ ಮೋಡೆಮುಗಳು ಆನ್ ಆದ ಮೇಲೆ ಮೊದಲು ಕಂಡ ಮ್ಯಾಕ್ ಒಂದನ್ನೇ ಒಪ್ಪುತ್ತವೆ. ಮೋಡೆಮಿನ ಕರೆಂಟ್ ತೆಗೆದು ಕೆಲ ನಿಮಿಷ ಬಿಟ್ಟು ಹಾಕಿ. ಸಂಪರ್ಕ ಕೊಡುವವರೇ ಮ್ಯಾಕ್ ನೋಂದಾಯಿಸಿಕೊಂಡಿದ್ದರೆ ಅವರಿಗೆ ಹೊಸದನ್ನು ತಿಳಿಸಬೇಕು, ಅಥವಾ ಕಾರ್ಡಿನ ಅಡ್ವಾನ್ಸ್ಡ್ ಟ್ಯಾಬಿನಲ್ಲಿ "ನೆಟ್‌ವರ್ಕ್ ಅಡ್ರೆಸ್" ಖಾನೆಗೆ ಹಳೆ ಮ್ಯಾಕ್ ತುಂಬಬಹುದು. ಹಾಗೆ ತುಂಬಿದ ಮೇಲೆ ಹಳೆ ಕಾರ್ಡನ್ನು ಅದೇ ನೆಟ್‌ವರ್ಕಿನ ಬೇರೆ ಯಂತ್ರಕ್ಕೆ ಹಾಕಬೇಡಿ. ಒಂದೇ ಮ್ಯಾಕ್ ಎರಡು ಕಡೆಯಿದ್ದರೆ ಸ್ವಿಚ್ ಯಾವ ಪೋರ್ಟಿಗೆ ಕಳಿಸಬೇಕೆಂದು ತಿಳಿಯದೆ ಅತ್ತಿಂದಿತ್ತ ಹೊಯ್ದಾಡುತ್ತದೆ. ನಡುವೆ ರೂಟರ್ ಇದ್ದರೆ ಆಚೆಯವರಿಗೆ ಕಾಣುವುದು ರೂಟರಿನ ಮ್ಯಾಕ್ ಮಾತ್ರ, ಈ ತಲೆನೋವೇ ಇಲ್ಲ.

ವೇಕ್ ಆನ್ ಲ್ಯಾನ್ (ನೆಟ್‌ವರ್ಕಿನ ಮೂಲಕ ಕಂಪ್ಯೂಟರ್ ಆನ್ ಮಾಡುವುದು) ಬಳಸುವವರು ಮರೆಯುವ ಒಂದು ಸಂಗತಿ: ಎಬ್ಬಿಸುವ ಮ್ಯಾಜಿಕ್ ಪ್ಯಾಕೆಟ್ಟಿನಲ್ಲಿರುವುದೇ ಮ್ಯಾಕ್ ವಿಳಾಸ, ಹದಿನಾರು ಸಲ ಪುನರಾವರ್ತನೆಯಾಗಿ. ಫೋನಿನ ಆ್ಯಪ್‌ನಲ್ಲಿ ಹಳೆ ಮ್ಯಾಕ್ ಉಳಿದಿದ್ದರೆ ಕಂಪ್ಯೂಟರ್ ಏಳುವುದಿಲ್ಲ. ಹೊಸ ಕಾರ್ಡಿಗೆ ಬಯಾಸ್‌ನಲ್ಲಿ ಎಕ್ಸ್‌ಪ್ರೆಸ್ ಸಾಧನದಿಂದ ಎಚ್ಚರಗೊಳ್ಳುವ ಆಯ್ಕೆ ಆನ್ ಇರಬೇಕು, ಇಆರ್‌ಪಿ (ವಿದ್ಯುತ್ ಉಳಿಸುವ ಆಯ್ಕೆ) ಆಫ್ ಇರಬೇಕು; ಇಆರ್‌ಪಿ ಸ್ಟ್ಯಾಂಡ್‌ಬೈ ಕರೆಂಟನ್ನೇ ಕಡಿದುಬಿಡುತ್ತದೆ. ವರ್ಚುವಲ್‌ಬಾಕ್ಸಿನ ಬ್ರಿಡ್ಜ್ಡ್ ಅಡಾಪ್ಟರ್ ಕೂಡ ಹಳೆ ಕಾರ್ಡಿನ ಹೆಸರಿಗೇ ಕಟ್ಟಿಕೊಂಡಿರುತ್ತದೆ, ಸೆಟ್ಟಿಂಗಿನಲ್ಲಿ ಹೊಸದನ್ನು ಆರಿಸಿ. ಕೆಲವು ಎಂಜಿನಿಯರಿಂಗ್ ಸಾಫ್ಟ್‌ವೇರುಗಳ ಲೈಸೆನ್ಸ್ ಕಡತ ಮ್ಯಾಕ್‌ಗೇ ಬಿಗಿದಿರುತ್ತದೆ. ಅದಕ್ಕೆ ಹೊಸ ಲೈಸೆನ್ಸ್ ಕೇಳಿ ಪಡೆಯಬೇಕು.

ಆನ್‌ಬೋರ್ಡ್ ಪೋರ್ಟನ್ನೂ ಹೊಸ ಕಾರ್ಡನ್ನೂ ಒಟ್ಟಿಗೆ ಇಟ್ಟುಕೊಂಡು ಎರಡನ್ನೂ ಒಂದೇ ರೂಟರಿಗೆ ಹಾಕಿದರೆ ವೇಗ ದುಪ್ಪಟ್ಟಾಗುವುದಿಲ್ಲ. ಯಾವುದರ ಮೆಟ್ರಿಕ್ (ದಾರಿಯ ಆದ್ಯತೆ ಹೇಳುವ ಸಂಖ್ಯೆ) ಕಡಿಮೆಯೋ ಅದರ ಮೂಲಕ ಟ್ರಾಫಿಕ್ ಹೋಗುತ್ತದೆ. ಎರಡನ್ನು ಬೇರೆ ಬೇರೆ ನೆಟ್‌ವರ್ಕಿಗೆ ಹಾಕಿದ್ದರೆ ಗೇಟ್‌ವೇ ಒಂದಕ್ಕೆ ಮಾತ್ರ ಕೊಡಿ.

ವೈಫೈ ಕಾರ್ಡ್ ಬದಲಿಸುವವರಿಗೆ

ಎಂ.2 ವೈಫೈ ಕಾರ್ಡುಗಳಲ್ಲಿ ನೋಡಲು ಒಂದೇ ಥರ ಕಾಣುವ ಎರಡು ಜಾತಿ ಇವೆ. ಇಂಟೆಲ್ ಎಎಕ್ಸ್200, ಎಎಕ್ಸ್210 ಮಾಮೂಲು ಎಕ್ಸ್‌ಪ್ರೆಸ್ ಕಾರ್ಡುಗಳು. ಎಎಕ್ಸ್201, ಎಎಕ್ಸ್211 ಸಿಎನ್‌ವಿಐ ಬಗೆಯವು. ಅವುಗಳ ಅರ್ಧ ಭಾಗ ಇಂಟೆಲ್ ಚಿಪ್‌ಸೆಟ್ಟಿನೊಳಗೇ ಇರುತ್ತದೆ. ಎಎಂಡಿ ಬೋರ್ಡಿಗೆ ಹಾಕಿದರೆ ಕೂರುತ್ತದೆ, ಕೆಲಸ ಮಾಡುವುದಿಲ್ಲ. ಆಂಟೆನಾ ತಂತಿಯ ತುದಿಯನ್ನು ನೇರ ಮೇಲಿನಿಂದ, ಉಗುರಿನಿಂದ ಒತ್ತಿ, ಟಕ್ ಎನ್ನುವವರೆಗೆ. ಓರೆಯಾಗಿ ಒತ್ತಿದರೆ ಆ ಪುಟ್ಟ ಉಂಗುರ ಚಪ್ಪಟೆಯಾಗುತ್ತದೆ, ಸಿಗ್ನಲ್ ಒಂದು ಕೋಣೆ ದಾಟುವುದಿಲ್ಲ. ಡೆಸ್ಕ್‌ಟಾಪಿನ ಎಕ್ಸ್‌ಪ್ರೆಸ್ ವೈಫೈ ಕಾರ್ಡಿನಲ್ಲಿ ವೈಫೈ ಬಂದು ಬ್ಲೂಟೂತ್ ಬರದಿದ್ದರೆ, ಡಬ್ಬಿಯಲ್ಲಿ ಉಳಿದುಹೋದ ಸಣ್ಣ ಯುಎಸ್‌ಬಿ ಕೇಬಲ್ಲನ್ನು ಮದರ್‌ಬೋರ್ಡಿನ ಒಂಬತ್ತು ಪಿನ್ನಿನ ಯುಎಸ್‌ಬಿ ಹೆಡರಿಗೆ ಹಾಕಿ. ಬ್ಲೂಟೂತ್ ಓಡುವುದು ಅದರ ಮೇಲೆ.

ಬಂದು ಹೋಗುವ ಸಂಪರ್ಕ, ಮತ್ತು ಕಾರ್ಡ್ ನಿಜಕ್ಕೂ ಸತ್ತಿದೆಯೇ

ಎಲ್ಲ ಸರಿಯಿದ್ದೂ ಆಗಾಗ ಸಂಪರ್ಕ ಕಡಿಯುತ್ತಿದ್ದರೆ ಅಡ್ವಾನ್ಸ್ಡ್ ಟ್ಯಾಬಿನಲ್ಲಿ "ಎನರ್ಜಿ ಎಫಿಷಿಯೆಂಟ್ ಈಥರ್ನೆಟ್" ಮತ್ತು "ಗ್ರೀನ್ ಈಥರ್ನೆಟ್" ಆಫ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ ಕಾರ್ಡನ್ನು ಮಲಗಿಸಲು ಕೊಟ್ಟ ಅನುಮತಿಯ ಟಿಕ್ ತೆಗೆಯಿರಿ. ಒಂದೊಂದೇ ಬದಲಿಸಿ ಒಂದು ದಿನ ನೋಡಿ; ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ಎಲ್ಲಿ ಕಡಿಯುತ್ತಿದೆ ಎಂದು ತಿಳಿಯಲು ಪಿಂಗ್ ಕ್ರಮವಾಗಿ ಮಾಡಿ: ಮೊದಲು ಗೇಟ್‌ವೇ, ಆಮೇಲೆ 8.8.8.8, ಆಮೇಲೆ ಯಾವುದಾದರೂ ವೆಬ್‌ಸೈಟಿನ ಹೆಸರು. ಗೇಟ್‌ವೇ ಸಿಗದಿದ್ದರೆ ತೊಂದರೆ ನಿಮ್ಮ ಕಾರ್ಡು, ಕೇಬಲ್, ರೂಟರಿನ ನಡುವೆ. ಎರಡನೆಯದು ಸಿಗದಿದ್ದರೆ ರೂಟರಿನಾಚೆ. ಮೂರನೆಯದು ಮಾತ್ರ ಸಿಗದಿದ್ದರೆ ಡಿಎನ್‌ಎಸ್. 127.0.0.1ಕ್ಕೆ ಪಿಂಗ್ ಮಾಡಿ ಕಾರ್ಡ್ ಸರಿಯಿದೆ ಎನ್ನುವವರ ಮಾತು ನಂಬಬೇಡಿ, ಆ ಪ್ಯಾಕೆಟ್ ಕಾರ್ಡನ್ನು ಮುಟ್ಟುವುದೇ ಇಲ್ಲ.

ಇಷ್ಟಾದರೂ ಬಗೆಹರಿಯದಿದ್ದರೆ ಉಬುಂಟುವಿನಂಥ ಲೈವ್ ಲಿನಕ್ಸನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ. ಅದಕ್ಕೆ ಹಳೆ ಕಾರ್ಡ್ ಗೊತ್ತಿಲ್ಲ, ನಿಮ್ಮ ಸೆಟ್ಟಿಂಗ್ ಗೊತ್ತಿಲ್ಲ. ಅಲ್ಲಿ ಇಂಟರ್ನೆಟ್ ಬಂದರೆ ಕಾರ್ಡ್, ಸ್ಲಾಟ್, ಕೇಬಲ್, ರೂಟರ್ ನಾಲ್ಕೂ ಸರಿ. ನಿಮ್ಮ ಡಿಸ್ಕಿನಲ್ಲಿರುವ ಸಿಸ್ಟಂ ಒಳಗೆ ಹುಡುಕಿ. ಅಲ್ಲೂ ಬರದಿದ್ದರೆ, ಎಲ್‌ಎಸ್‌ಪಿಸಿಐನಲ್ಲೂ ಕಾಣದಿದ್ದರೆ, ಇನ್ನೊಂದು ಸ್ಲಾಟಿನಲ್ಲಿ, ಸಾಧ್ಯವಾದರೆ ಇನ್ನೊಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಎರಡು ಯಂತ್ರಗಳಲ್ಲೂ ಕಾಣದ ಕಾರ್ಡನ್ನು ಡಬ್ಬಿಗೆ ಹಾಕಿ ವಾಪಸ್ ಕೊಡಿ.